ನಾಲ್ಕನೇ ತಿಪ್ಪೇಸ್ವಾಮಿ

ನಮ್ಮ ಚಿತ್ರದುರ್ಗದ ಬಸ್‌ಸ್ಟ್ಯಾಂಡಲ್ಲಿ ನಿಂತ್ಕೊಂಡು "ಲೇ ತಿಪ್ಪೇಸ್ವಾಮೀ" ಅಂತ ಒಂದ್ಸಲ ಗಂಟಲು ಬಿಚ್ಚಿ ಕೂಗಿ ನೋಡಿ. ನಾಲ್ಕು ಜನನಾದ್ರೂ ತಿರುಗಿ ನೋಡ್ತಾರೆ. ಐದನೆಯವನು ಚಳ್ಳಕೆರೆ ಬಸ್ಸಿನ ಕಂಡಕ್ಟ್ರು, ಅವನಿಗೂ ಕೇಳಿಸಿರುತ್ತೆ, ಟಿಕೆಟ್ ಹರೀತಿರೋದ್ರಿಂದ ತಿರುಗಿರಲ್ಲ ಅಷ್ಟೆ. ನನ್ನ ಹೆಸರೂ ಅದೇ. ಹಾಗಾಗಿ ಯಾರಾದ್ರೂ ಹಿಂದಿನಿಂದ ಹೆಸರು ಹಿಡಿದು ಕೂಗಿದ್ರೆ ನಾನು ತಕ್ಷಣ ತಿರುಗಲ್ಲ, ಎರಡನೇ ಸಲ ಕೂಗ್ಲಿ ನೋಡೋಣ ಅಂತ ಕಾಯ್ತೀನಿ, ಅಷ್ಟರಲ್ಲಿ ಬೇರೆ ಯಾರೋ ಒಬ್ಬ "ಏನ್ಲೇ" ಅಂದ್ಬಿಟ್ಟಿರ್ತಾನೆ. ಈ ಅಭ್ಯಾಸ ನಂಗೆ ಅಂಟಿಕೊಂಡಿದ್ದು ಹೈಸ್ಕೂಲಿನಲ್ಲಿ, ದಿನಾ ಬೆಳಿಗ್ಗೆ ಹಾಜರಿ ಕೂಗುವಾಗ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ಆದ್ರೆ ಕಾರಣ ಸಿಂಪಲ್ಲು. ಚಳ್ಳಕೆರೆ ತಾಲ್ಲೂಕಿನಲ್ಲಿ ನಾಯಕನಹಟ್ಟಿ ಅಂತ ಊರಿದೆ, ಅಲ್ಲಿ ತಿಪ್ಪೇರುದ್ರಸ್ವಾಮಿಗಳ ಗದ್ದುಗೆ. ಮಳೆ ಮುಖ ನೋಡದ ಈ ಸೀಮೇಲಿ ಕೆರೆ ಕಟ್ಟಿಸಿದ ಪುಣ್ಯಾತ್ಮರು ಅವರು. ನಮ್ಮ ಕಡೆ ನೀರು ಕೊಟ್ಟವನೇ ದೇವರು, ಅದರಲ್ಲಿ ಜಾತಿ ಗೀತಿ ಇಲ್ಲ, ಎಲ್ಲಾ ಮನೆಯವರೂ ಹರಕೆ ಹೊರೋರು, ಮಗು ಹುಟ್ಟಿದ್ರೆ ಸ್ವಾಮಿ ಹೆಸರೇ ಇಡೋದು, ಗಂಡಾದ್ರೆ ತಿಪ್ಪೇಸ್ವಾಮಿ, ಹೆಣ್ಣಾದ್ರೆ ತಿಪ್ಪಮ್ಮ. ನಮ್ಮಮ್ಮನಿಗೆ ನನಗಿಂತ ಮುಂಚೆ ಎರಡು ಮಕ್ಕಳು ಹೋಗಿದ್ವಂತೆ, ಅದಕ್ಕೇ ಹರಕೆ. ಹುಟ್ಟಿದ ಮೇಲೆ ತಿಪ್ಪೆ ಮೇಲೆ ಒಂದು ಸುತ್ತು ಉರುಳಿಸಿ ತಂದ್ರು ಅಂತ ಅಜ್ಜಿ ಹೇಳ್ತಿದ್ಲು, ಯಮನಿಗೆ ಈ ಕೂಸು ಕಸಕ್ಕೆ ಸಮ ಅಂತ ಕಾಣ್ಲಿ ಅಂತ. ಹಿಂಗೆ ನನಗೆ ಎರಡು ದಾರಿಯಿಂದಲೂ ಒಂದೇ ಹೆಸರು ಗಟ್ಟಿಯಾಯ್ತು.

1959ರಲ್ಲಿ ನಾನು ಹೈಸ್ಕೂಲಿಗೆ ಸೇರಿದಾಗ ನಮ್ಮ ಕ್ಲಾಸಿನಲ್ಲಿ ಒಟ್ಟು 45 ಜನ, ಅದರಲ್ಲಿ ಮೂರು ಜನ ಹುಡುಗೀರು, ಐದು ಜನ ತಿಪ್ಪೇಸ್ವಾಮಿಗಳು. ಸ್ಕೂಲು ಅಂದ್ರೆ ಏನೋ ದೊಡ್ಡ ಕಲ್ಲು ಕಟ್ಟಡ ಅಂದ್ಕೋಬೇಡಿ, ಯಾರೋ ಸಾಹುಕಾರರ ಹಳೇ ಮನೆ, ಮಂಗಳೂರು ಹಂಚು ಹೊದಿಸಿದ ಒಂದು ಉದ್ದನೇ ಪಡಸಾಲೆ, ಅದಕ್ಕೆ ಮಧ್ಯೆ ಮಧ್ಯೆ ಬಿದಿರಿನ ತಟ್ಟಿ ಕಟ್ಟಿ ಕ್ಲಾಸು ಮಾಡಿದ್ರು. ಈ ಕಡೆ ಪಾಣಿಪತ್ ಯುದ್ಧ ನಡೀತಿದ್ರೆ ಆ ಕಡೆಯಿಂದ ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಬಂದು ಬೀಳೋದು. ಹಾಜರಿ ಕೂಗೋ ಹೊತ್ತಲ್ಲಂತೂ ತಟ್ಟಿಯಾಚೆ ಕ್ಲಾಸಿನಲ್ಲೂ ಮೂರು ತಿಪ್ಪೇಸ್ವಾಮಿಗಳಿದ್ರು, ಆ ಮೇಷ್ಟ್ರು ಕೂಗಿದ್ರೆ ಈ ಕಡೆಯವರು "ಪ್ರೆಸೆಂಟ್ ಸಾರ್" ಅನ್ನೋದು, ಈ ಮೇಷ್ಟ್ರು ಕೂಗಿದ್ರೆ ಆ ಕಡೆಯಿಂದ ಉತ್ತರ ಬರೋದು. ಒಂದು ವಾರ ಇಬ್ಬರು ಮೇಷ್ಟ್ರೂ ಸಹಿಸ್ಕೊಂಡ್ರು. ಆಮೇಲೆ ನಮ್ಮ ಕ್ಲಾಸ್ ಮೇಷ್ಟ್ರು ರಿಜಿಸ್ಟರ್ ತೆಗೆದು ನಮ್ಮ ಐದೂ ಜನರನ್ನ ಗೋಡೆಗೆ ಸಾಲಾಗಿ ನಿಲ್ಲಿಸಿ, ಸಂತೇಲಿ ಕುರಿ ಲೆಕ್ಕ ಹಾಕೋ ಹಂಗೆ ನೋಡಿ ನಂಬರ್ ಕೊಟ್ಟುಬಿಟ್ರು. ಫಸ್ಟ್, ಸೆಕೆಂಡ್, ಥರ್ಡ್, ಫೋರ್ತ್, ಫಿಫ್ತ್. ರಾಜರಿಗಿರುತ್ತಲ್ಲ, ಒಂದನೇ ಪುಲಿಕೇಶಿ, ಎರಡನೇ ಪುಲಿಕೇಶಿ, ಹಂಗೆ. ನಾನು ನಾಲ್ಕನೆಯವನು.

ಮೊದಲನೆಯವನು ತುರುವನೂರಿನವನು. ಉದ್ದ ಅಂತ ಕರೀತಿದ್ವಿ, ಬೆಂಚಿನ ಕೆಳಗೆ ಅವನ ಕಾಲು ಹಿಡೀತಿರಲಿಲ್ಲ. ಅವರಪ್ಪ 1939ರಲ್ಲಿ ತುರುವನೂರಲ್ಲಿ ಈಚಲು ಮರ ಕಡಿಯೋ ಚಳವಳಿಗೆ ಕೊಡಲಿ ಹಿಡಿದು ಹೋಗಿದ್ದೋರು, ಹಾಗಾಗಿ ಸಮಾಜ ಪಾಠದ ಮೇಷ್ಟ್ರು ಸ್ವಾತಂತ್ರ್ಯ ಹೋರಾಟದ ಪಾಠ ಬಂದಾಗೆಲ್ಲ ಅವನನ್ನ ಎದ್ದು ನಿಲ್ಲಿಸೋರು, ಇವನು ತಾನೇ ಕಡಿದವನ ಹಂಗೆ ಎದೆ ಉಬ್ಬಿಸಿ ನಿಲ್ಲೋನು. ಎರಡನೆಯವನು ದೊಡ್ಡಸಿದ್ದವ್ವನಹಳ್ಳಿಯವನು. ಆ ಊರಿನ ಹೆಸರು ರಿಜಿಸ್ಟರಿನ ಕಾಲಮ್ಮಲ್ಲಿ ಹಿಡಿಸ್ತಿರಲಿಲ್ಲ, ಈಗ್ಲೂ ಎಲ್ಲರೂ ಡಿ.ಎಸ್. ಹಳ್ಳಿ ಅಂತಲೇ ಅನ್ನೋದು, ಅದಕ್ಕೆ ಅವನು ಡಿಎಸ್ಸು. ಮೂರನೆಯವನು ಭರಮಸಾಗರ, ಬರೀ ಸಾಗರ ಅಂತಿದ್ವಿ, ಬಸ್ಸಿನ ಟಾಪ್ ಮೇಲೆ ಕೂತು ಬರ್ತಿದ್ದ, ತಲೆ ತುಂಬಾ ಧೂಳು. ಐದನೆಯವನು ಸಾಕ್ಷಾತ್ ನಾಯಕನಹಟ್ಟಿಯವನೇ, ಫ್ರೀ ಹಾಸ್ಟೆಲಿನಲ್ಲಿ ಇದ್ದ, ಅವನಿಗೆ ಹಟ್ಟಿ ಅಂತ ಹೆಸರು. ಒರಿಜಿನಲ್ ತಿಪ್ಪೇಸ್ವಾಮಿ ನಾನೇ, ನೀವೆಲ್ಲಾ ಕಾಪಿ ಅಂತ ಜಗಳಕ್ಕೆ ಬರೋನು, ಆದ್ರೂ ನಂಬರ್ ಐದೇ. ನನಗೆ ಮಾತ್ರ ಅಡ್ಡಹೆಸರು ಹುಟ್ಟಲಿಲ್ಲ. ನಾನು ದುರ್ಗದ ಪೇಟೆಯವನು, ಉದ್ದ ಅಲ್ಲ ಗಿಡ್ಡ ಅಲ್ಲ, ಊರು ಹಿಡಿದು ಕರೆಯೋಣ ಅಂದ್ರೆ ಅರ್ಧ ಕ್ಲಾಸೇ ಆ ಊರಿಂದು. ಹಾಗಾಗಿ ನಾನು ಬರೀ ನಾಲ್ಕು. "ಲೇ ನಾಲ್ಕೂ, ಬಾರ್ಲೇ." ಈಗ ನೆನೆಸ್ಕೊಂಡ್ರೆ ನಗು ಬರುತ್ತೆ, ಆಗ ಸ್ವಲ್ಪ ಹೊಟ್ಟೆ ಉರೀತಿತ್ತು. ಮನುಷ್ಯನಿಗೆ ಒಂದು ಅಡ್ಡಹೆಸರು ಬೀಳೋಷ್ಟಾದ್ರೂ ಯೋಗ್ಯತೆ ಇರ್ಬೇಕು ನೋಡಿ.

ಒಬ್ಬೊಬ್ಬ ಮೇಷ್ಟ್ರು ಹಾಜರಿ ಕೂಗೋ ರೀತೀನೇ ಬೇರೆ ಇರ್ತಿತ್ತು. ಕ್ಲಾಸ್ ಮೇಷ್ಟ್ರು ಇಂಗ್ಲಿಷಿನೋರು, ಕಚ್ಚೆಪಂಚೆ, ಮೇಲೆ ಕರೀ ಕೋಟು, ತಲೆಗೆ ರುಮಾಲು, ಬಾಯಲ್ಲಿ ಮಾತ್ರ ಲಂಡನ್ನು. "ಎಸ್ ಸಾರ್" ಅಂದ್ರೆ ಆಗ್ತಿರಲಿಲ್ಲ, "ಪ್ರೆಸೆಂಟ್ ಸಾರ್" ಅಂತ ಪೂರ್ತಿ ಅನ್ಬೇಕು, ಅದರಲ್ಲೂ ಕೊನೇಲಿರೋ ಟ್ ಕೇಳಿಸ್ಬೇಕು. ಹಳ್ಳಿಯಿಂದ ಬಂದ ಹುಡುಗರು ಮೊದಲ ತಿಂಗಳು "ಪ್ರಜೆಂಟು ಸಾ" ಅಂತಲೇ ಕಾಲ ಹಾಕಿದ್ರು. ಬೆಳಿಗ್ಗೆ ಇದ್ದೋರಿಗೆ ನೀಲಿ ಮಸೀಲಿ ಒಂದು ಓರೆ ಗೆರೆ, ಮಧ್ಯಾಹ್ನಕ್ಕೆ ಅದರ ಮೇಲೆ ಇನ್ನೊಂದು ಓರೆ ಗೆರೆ, ಎರಡೂ ಸೇರಿದ್ರೆ ಒಂದು ಗುಣಿಸೋ ಚಿಹ್ನೆ, ಅಂದ್ರೆ ಹುಡುಗ ದಿನ ಪೂರ್ತಿ ಇದ್ದ ಅಂತ. ಬರದೇ ಇದ್ರೆ ಕೆಂಪು ಮಸೀಲಿ ಎ. ಆ ಕೆಂಪು ಎ ಬರೆಯೋಕೆ ಅವರು ಬೇರೆ ಲೆಕ್ಕಣಿಕೆ ಇಟ್ಟಿದ್ರು, ಕೆಂಪು ದೌತಿಯಲ್ಲಿ ಅದ್ದಿ, ಅಂಚಿಗೆ ಒಂದ್ಸಲ ಒರೆಸಿ, ನಿಧಾನಕ್ಕೆ ಬರೆದು, ಒತ್ತುಕಾಗದ ಇಟ್ಟು ಒತ್ತೋರು. ಗೈರುಹಾಜರಿಗೆ ಅಷ್ಟು ಮರ್ಯಾದೆ ಇತ್ತು, ಹಾಜರಿಗೆ ಇರಲಿಲ್ಲ.

ಕನ್ನಡ ಪಂಡಿತರಿಗೆ ರಿಜಿಸ್ಟರ್ ಹಂಗೇ ಇರಲಿಲ್ಲ, ಒಳಗೆ ಬಂದವರೇ ಕಣ್ಣಲ್ಲೇ ಎಣಿಸಿಬಿಡೋರು. ಸಮಾಸದ ಪಾಠ ಮಾಡ್ತಾ ಮಾಡ್ತಾ ಅರಿಸಮಾಸಕ್ಕೆ ಬಂದ್ರು. ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಗಂಟು ಹಾಕಬಾರದು, ಹಾಕಿದ್ರೆ ಅದು ಅರಿ, ಅಂದ್ರೆ ಶತ್ರು, ಅಂತ ಹೇಳಿ ಉದಾಹರಣೆಗೆ ಸುತ್ತ ನೋಡಿದ್ರು. ನಮ್ಮ ಮೇಲೆ ಕಣ್ಣು ಬಿತ್ತು. "ಏಳ್ರಯ್ಯಾ ತಿಪ್ಪೇಸ್ವಾಮಿಗಳಾ" ಅಂದ್ರು. ಎದ್ವಿ. "ತಿಪ್ಪೆ ಕನ್ನಡ, ಸ್ವಾಮಿ ಸಂಸ್ಕೃತ. ನೋಡ್ರಪ್ಪಾ, ಐದು ಅರಿಸಮಾಸ ಸಾಲಾಗಿ ನಿಂತಾವೆ, ಚೆನ್ನಾಗಿ ನೋಡ್ಕೊಳ್ಳಿ, ಪರೀಕ್ಷೇಲಿ ಬಂದ್ರೆ ಮರೀಬ್ಯಾಡಿ." ಇಡೀ ಕ್ಲಾಸು ಹೊಟ್ಟೆ ಹಿಡ್ಕೊಂಡು ನಕ್ಕಿತು. ಆಮೇಲೆ ಅವರಿಗೇ ಏನನ್ನಿಸ್ತೋ ಏನೋ, "ಆದ್ರೆ ಹೆಸರಿಗೆ ವ್ಯಾಕರಣ ಇಲ್ಲ ಕಣಯ್ಯಾ, ಭಕ್ತಿಗೂ ಇಲ್ಲ, ಕೂತ್ಕೊಳ್ಳಿ" ಅಂದ್ರು. ಆ ಒಂದು ಸಮಾಸ ಮಾತ್ರ ನಮ್ಮ ಕ್ಲಾಸಿನವರು ಯಾರೂ ಇವತ್ತಿಗೂ ಮರ್ತಿಲ್ಲ.

ಲೆಕ್ಕದ ಮೇಷ್ಟ್ರದ್ದು ಇನ್ನೊಂದು ಥರ. ನಾಯಕನಹಟ್ಟಿ ಸ್ವಾಮಿಗಳ ಮಾತು ಒಂದಿದೆ, "ಮಾಡಿದಷ್ಟು ನೀಡು ಭಿಕ್ಷೆ" ಅಂತ, ನಮ್ಮ ಕಡೆ ಹೊಲದಲ್ಲಿ ದುಡಿಯೋ ಆಳಿನಿಂದ ಹಿಡಿದು ಎಲ್ಲರ ಬಾಯಲ್ಲೂ ಇರೋ ಮಾತು. ಈ ಮೇಷ್ಟ್ರು ಟೆಸ್ಟ್ ಪೇಪರ್ ವಾಪಸ್ ಕೊಡೋವಾಗ ನಮ್ಮ ಐದು ಜನಕ್ಕೆ ಮಾತ್ರ ಅದನ್ನ ಹೇಳೇ ಕೊಡೋರು. "ಬಾರಯ್ಯಾ ನಾಲ್ಕನೇ ತಿಪ್ಪೇಸ್ವಾಮಿ, ಮಾಡಿದಷ್ಟು ನೀಡು ಭಿಕ್ಷೆ, ತಗೋ ನಿಂದು ಹನ್ನೊಂದು." ನೂರಕ್ಕೆ ಹನ್ನೊಂದು. ಭಿಕ್ಷೆ ಅನ್ನೋ ಪದಕ್ಕೆ ತಕ್ಕ ಹಂಗೆ ಎರಡೂ ಕೈ ಚಾಚಿ ಇಸ್ಕೋಬೇಕಿತ್ತು. ಆ ಕಾಲದಲ್ಲಿ ಲೆಕ್ಕ ಅನ್ನೋದು ಮೊದಲೇ ಗೋಜಲು. 1957ರಲ್ಲಿ ನಯೆ ಪೈಸೆ ಬಂದು ಎರಡು ಮೂರು ವರ್ಷ ಆಗಿದ್ರೂ ಅಂಗಡೀಲಿ ಜನ ಆಣೆ ಲೆಕ್ಕನೇ ಆಡೋರು, ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಮಾತ್ರ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಮೂರಾರು ಹದಿನೆಂಟಲ್ವಾ, ಆ ಒಂದು ಪೈಸೆ ಎಲ್ಲಿಂದ ಬಂತು ಅಂತ ಮಂಡಕ್ಕಿ ಅಂಗಡಿಯವನ ಹತ್ರ ವಾದ ಮಾಡಿ ಸೋತವನಿಗೆ ಆಲ್ಜೀಬ್ರದಲ್ಲಿ ಹನ್ನೊಂದು ಬಂದಿದ್ದೇ ಜಾಸ್ತಿ.

ಹುಡುಗೀರ ಹಾಜರಿ ಕೊನೇಲಿ. ಅವರು ಮೇಷ್ಟ್ರ ಹಿಂದೆ ಒಳಗೆ ಬರೋರು, ಮೇಷ್ಟ್ರ ಜೊತೆಗೇ ಹೊರಗೆ ಹೋಗೋರು, ಮಧ್ಯೆ ಮುಂದಿನ ಬೆಂಚು ಬಿಟ್ಟು ಕದಲ್ತಿರಲಿಲ್ಲ. ಮೂರು ವರ್ಷ ಒಂದೇ ಕ್ಲಾಸಲ್ಲಿದ್ದು ನಾನು ಅವರ ಬಾಯಿಂದ ಕೇಳಿದ್ದು ಎರಡೇ ಪದ, ಪ್ರೆಸೆಂಟ್ ಮತ್ತೆ ಸಾರ್, ಅದೂ ಸೊಳ್ಳೆ ಹಾಡಿದಷ್ಟು ಸಣ್ಣಗೆ. ಅವರ ಸರದಿ ಬಂದಾಗ ಮಾತ್ರ ಕ್ಲಾಸು ತಾನಾಗೇ ನಿಶ್ಶಬ್ದ ಆಗಿಬಿಡೋದು, ಮೇಷ್ಟ್ರು ತಲೆ ಎತ್ತಿ ನಮ್ಮ ಕಡೆ ಅನುಮಾನದಿಂದ ನೋಡೋರು. ನಮ್ಮ ದನಿಗಳ ಕಥೆ ಇನ್ನೊಂದು, ವಯಸ್ಸೇ ಅಂಥದ್ದು, ಬೇಸಿಗೆ ರಜಕ್ಕೆ ಹೋಗುವಾಗ ಕೊಳಲಿನ ಹಂಗಿದ್ದ ಡಿಎಸ್ಸು ಜೂನಲ್ಲಿ ಬಂದು ಬಾಯಿ ತೆಗೆದ್ರೆ ಗಾಣದ ಸದ್ದು. ಮೇಷ್ಟ್ರು ರಿಜಿಸ್ಟರಿನಿಂದ ಕಣ್ಣು ತೆಗೆದು "ಯಾರಯ್ಯಾ ಅದು, ಅಪ್ಪನ್ನ ಕಳಿಸಿದ್ದೀಯಾ?" ಅಂದಿದ್ರು.

ಹೆಸರು ಒಂದೇ ಆಗಿದ್ರಿಂದ ಒಬ್ಬರಿಗೊಬ್ಬರು ಹಾಜರಿ ಹೇಳೋದು ನಮಗೆ ಬಹಳ ಸುಲಭ ಅಂತ ಬೇರೆಯವರಿಗೆ ಹೊಟ್ಟೆಕಿಚ್ಚು. ನಿಜ ಹೇಳ್ಬೇಕಂದ್ರೆ ಅದರಷ್ಟು ಕಷ್ಟ ಬೇರೆ ಇರಲಿಲ್ಲ. ಐದು ಸಲ ಪ್ರೆಸೆಂಟ್ ಬರ್ಬೇಕು, ಬೆಂಚಲ್ಲಿ ನಾಲ್ಕು ತಲೆ ಇವೆ, ಯಾರು ಎರಡು ಸಲ ಅನ್ಬೇಕು ಅಂತ ಮೊದಲೇ ಮಾತಾಗಿರಲ್ಲ, ಇಬ್ಬರು ಒಟ್ಟಿಗೆ ಅಂದುಬಿಟ್ರೆ ಲೆಕ್ಕ ಆರಾಗುತ್ತೆ. ಒಂದ್ಸಲ ಹಂಗೇ ಆರಾಯ್ತು. "ಆರನೇ ತಿಪ್ಪೇಸ್ವಾಮಿ ಯಾವಾಗ ಅಡ್ಮಿಷನ್ ಆದಪ್ಪಾ" ಅಂತ ಕೇಳಿ ಐದಕ್ಕೂ ಎ ಹಾಕಿದ್ರು.

ಗೈರುಹಾಜರಿಗೂ ನಮ್ಮಲ್ಲಿ ಋತುಮಾನ ಇತ್ತು. ಮಳೆಗಾಲ ಕಳೀತಾ ಜೋಗಿಮಟ್ಟಿ, ಚಂದ್ರವಳ್ಳಿ ಕಡೆ ಗುಡ್ಡದಲ್ಲಿ ಸೀತಾಫಲ ಕಣ್ಣು ಬಿಡ್ತಿದ್ದ ಹಾಗೆ ಹಿಂದಿನ ಬೆಂಚು ಖಾಲಿ. ಅದು ಮುಗೀತಿದ್ದಂಗೆ ಶೇಂಗಾ ಕೀಳೋ ಕಾಲ, ಹಳ್ಳಿ ಹುಡುಗರು ಹದಿನೈದು ದಿನ ನಾಪತ್ತೆ, ವಾಪಸ್ ಬಂದಾಗ ಚಡ್ಡಿ ಜೇಬು ತುಂಬಾ ಹಸೀ ಶೇಂಗಾ, ಮೇಷ್ಟ್ರ ಟೇಬಲ್ ಮೇಲೂ ಒಂದು ಸೇರು. ಆಮೇಲೆ ರಜೆ ಚೀಟಿ. ಚೀಟಿ ಇಂಗ್ಲಿಷಲ್ಲೇ ಇರ್ಬೇಕು ಅಂತ ರೂಲ್ಸು. ನಮಗೆ ಬರ್ತಿದ್ದಿದ್ದು ಒಂದೇ ವಾಕ್ಯ, "ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್", ಇಡೀ ಕ್ಲಾಸಿಗೆ ವರ್ಷಕ್ಕೊಂದ್ಸಲ ಒಟ್ಟಿಗೇ ಜ್ವರ ಬರೋದು. ಸಾಗರ ಮಾತ್ರ ಪ್ರಾಮಾಣಿಕ ಮನುಷ್ಯ. ಅವನು ನಿಜವಾಗ್ಲೂ ಎತ್ತಿಗೆ ಹುಷಾರಿಲ್ಲ ಅಂತ ಮನೇಲಿ ಉಳಿದಿದ್ದ. ಅದನ್ನೇ ಬರೆದುಕೊಂಡು ಬಂದ, "ಆಸ್ ಮೈ ಬುಲಕ್ ಈಸ್ ಸಫರಿಂಗ್ ಫ್ರಮ್ ಫೀವರ್", ಕೆಳಗೆ ಅವರಪ್ಪನ ಹೆಬ್ಬೆಟ್ಟು. ಮೇಷ್ಟ್ರು ಅದನ್ನ ಎರಡು ಸಲ ಓದಿದ್ರು. ನಾವೆಲ್ಲ ಬೆತ್ತಕ್ಕೆ ಕಾಯ್ತಿದ್ವಿ. ಅವರು ಚೀಟಿ ಎತ್ತಿ ಹಿಡಿದು, "ನೋಡ್ರೋ ಕತ್ತೆಗಳಾ, ಆಮ್ ತೆಗೆದು ಈಸ್ ಹಾಕಿದ್ದಾನೆ, ಇವನೊಬ್ಬನಿಗೆ ಗ್ರಾಮರ್ ಗೊತ್ತು" ಅಂತ ಅವನ ಹದಿನೈದು ಎ ಗಳನ್ನೂ ಮಾಫಿ ಮಾಡಿದ್ರು.

ಕೋಟೆಗೆ ಕದ್ದು ಹೋದ ಪ್ರಸಂಗ ಹೇಳ್ದೇ ಇದ್ರೆ ದುರ್ಗದವನು ಅಂತ ಯಾರೂ ಒಪ್ಪಲ್ಲ. ಕೋಟೆ ನಮಗೆ ಹಿತ್ತಲು ಇದ್ದ ಹಂಗೆ. ತುಪ್ಪದ ಕೊಳದ ಬತೇರಿಗೆ ಬಂಡೇಲಿ ಕೊರೆದಿರೋ ಪುಟ್ಟ ಪುಟ್ಟ ಕಚ್ಚುಗಳಲ್ಲಿ ಬೆರಳು ಸಿಕ್ಕಿಸ್ಕೊಂಡು ಹತ್ತೋದು, ಗೋಪಾಲಸ್ವಾಮಿ ಹೊಂಡದಲ್ಲಿ ಕಾಲು ಬಿಟ್ಕೊಂಡು ಕೂರೋದು, ಓಬವ್ವನ ಕಿಂಡೀಲಿ ನುಸುಳಿ ಆ ಕಡೆಯಿಂದ ಬರೋನ ತಲೆಗೆ ಹೊಡೆಯೋದು, ಒನಕೆ ಬದಲು ಸ್ಲೇಟು. ಅವತ್ತು ಐದೂ ಜನ ಒಟ್ಟಿಗೇ ಹೋಗಿದ್ವಿ, ಮಧ್ಯಾಹ್ನ ಎರಡನೇ ಓರೆ ಗೆರೆ ಬೀಳೋಕೆ ಮುಂಚೆ. ಡ್ರಿಲ್ ಮೇಷ್ಟ್ರು ಹುಡುಕ್ಕೊಂಡು ಬರ್ತಿದ್ದಾರೆ ಅಂತ ಮೇಲಿನಿಂದ ಉದ್ದ ನೋಡಿ ಹೇಳಿದ. ಎಲ್ಲಾ ಓಡಿ ಮದ್ದು ಅರೆಯೋ ಬೀಸೋಕಲ್ಲಿನ ಗುಂಡಿಗೆ ಇಳಿದ್ವಿ. ನೋಡಿರ್ತೀರಿ ನೀವು, ಒಂದು ಆಳವಾದ ಕಲ್ಲಿನ ಗುಂಡಿ, ಒಳಗೆ ನಾಲ್ಕು ದೊಡ್ಡ ಬೀಸೋಕಲ್ಲು, ಪಾಳೇಗಾರರ ಕಾಲದಲ್ಲಿ ತುಪಾಕಿ ಮದ್ದು ಅರೀತಿದ್ದ ಜಾಗ. ಕಲ್ಲಿನ ಮರೇಲಿ ಉಸಿರು ಬಿಗಿ ಹಿಡ್ಕೊಂಡು ಕೂತ್ವಿ. ಮೇಷ್ಟ್ರು ಬಂದ್ರು, ದಡದ ಮೇಲೆ ನಿಂತ್ರು, ಬೂಟಿನ ಸದ್ದು ಕೇಳಿಸ್ತಿದೆ. ಬೈಯ್ಲಿಲ್ಲ, ಇಳಿದು ನೋಡ್ಲಿಲ್ಲ. ಜೇಬಿಂದ ಏನೋ ತೆಗೆದ ಹಂಗೆ ಮಾಡಿ, ಗಂಟಲು ಸರಿ ಮಾಡ್ಕೊಂಡು, ಥೇಟ್ ಇಂಗ್ಲಿಷ್ ಮೇಷ್ಟ್ರ ದನೀಲಿ ರಾಗವಾಗಿ ಕೂಗಿದ್ರು: "ಫಿಫ್ತ್ ತಿಪ್ಪೇಸ್ವಾಮೀ..."

"ಪ್ರೆಸೆಂಟ್ ಸಾರ್" ಅಂದುಬಿಟ್ಟ ಹಟ್ಟಿ. ಕೊನೇ ಟ್ ಸಮೇತ.

ಹೈದರಾಲಿ ಈ ಕೋಟೆಗೆ ಸಲಸಲಾ ಮುತ್ತಿಗೆ ಹಾಕಿ ಕೊನೆಗೆ 1779ರಲ್ಲಿ ಹಿಡಿದ, ನಮ್ಮ ಡ್ರಿಲ್ ಮೇಷ್ಟ್ರಿಗೆ ಒಂದು ಹೆಸರು ಕೂಗಿದ್ದೇ ಸಾಕಾಯ್ತು. ಹಟ್ಟೀನ ಬೈಯೋಕೂ ಆಗ್ಲಿಲ್ಲ, ಯಾಕಂದ್ರೆ ಅವನು ಅಂದ ತಕ್ಷಣ ನನ್ನ ಬಾಯಿಗೂ ಅದೇ ಬಂದಿತ್ತು, ನಾಲಿಗೆ ಕಚ್ಚಿ ಹಿಡ್ಕೊಂಡಿದ್ದೆ. ಮೇಷ್ಟ್ರು ಮೇಲಿನಿಂದ "ಇನ್ನು ಉಳಿದ ನಾಲ್ಕು ನಂಬರು ನೀವೇ ಹೇಳ್ತೀರೋ ನಾನೇ ಕೂಗ್ಲೋ" ಅಂದ್ರು. ಒಬ್ಬೊಬ್ಬರೇ ಹೇಳ್ಕೊಂಡು ಮೇಲೆ ಹತ್ತಿದ್ವಿ. ಐವತ್ತು ಬಸ್ಕಿ ಅಲ್ಲೇ ಬಂಡೆ ಮೇಲೆ. ನಮ್ಮ ಹತ್ರ ಇದ್ದ ಸೀತಾಫಲ ಅಷ್ಟೂ ಇಸ್ಕೊಂಡ್ರು, ಇಳೀತಾ ದಾರೀಲಿ ನಮಗೂ ಒಂದೊಂದು ಕೊಟ್ರು, ಬೀಜ ಉಗುಳಿದ್ದೆಲ್ಲ ಅವರದ್ದೇ ದೂರ ಹೋಗೋದು.

ಎಸ್ಸೆಸ್ಸೆಲ್ಸಿ ವರ್ಷ, 1962. ಫೆಬ್ರವರೀಲಿ ಅಷ್ಟಗ್ರಹ ಕೂಟ ಅಂತ ಒಂದು ಗುಲ್ಲು. ಎಂಟು ಗ್ರಹ ಮಕರ ರಾಶೀಲಿ ಸೇರ್ತಾವೆ, ಶನಿವಾರದಿಂದ ಸೋಮವಾರದೊಳಗೆ, ಅಂದ್ರೆ 3ರಿಂದ 5ನೇ ತಾರೀಕಿನೊಳಗೆ ಪ್ರಪಂಚ ಮುಳುಗುತ್ತೆ ಅಂತ. ದೇಶದ ತುಂಬಾ ಹೋಮ, ಭಜನೆ. ನಮಗೆ ಒಳಗೊಳಗೇ ಖುಷಿ, ಯಾಕಂದ್ರೆ ಮುಂದಿನ ತಿಂಗಳು ಪಬ್ಲಿಕ್ ಪರೀಕ್ಷೆ. ಮುಳುಗೋದೇ ಆದ್ರೆ ಟ್ರಿಗ್ನಾಮೆಟ್ರಿ ಯಾಕೆ ಓದ್ಬೇಕು. ಡಿಎಸ್ಸು ತನ್ನ ಕಂಪಾಸ್ ಪೆಟ್ಟಿಗೇನ ಎಂಟಾಣೆಗೆ ಮಾರಿ ಮಂಡಕ್ಕಿ ಮೆಣಸಿನಕಾಯಿ ತಿಂದುಬಿಟ್ಟ. ಹಳ್ಳಿಗಳಿಂದ ಅಪ್ಪಂದಿರು ಬಂದು ಸತ್ರೆ ಎಲ್ಲಾ ಒಟ್ಟಿಗೇ ಸಾಯೋಣ ಅಂತ ಹಾಸ್ಟೆಲ್ ಹುಡುಗರನ್ನ ಕರ್ಕೊಂಡು ಹೋದ್ರು. ಶನಿವಾರ ಬೆಳಗಿನ ಕ್ಲಾಸಿಗೆ ಬಂದಿದ್ದು ಒಂಬತ್ತು ಜನ, ಹುಡುಗೀರಲ್ಲಿ ಒಬ್ಬಳು ಬಂದಿದ್ಲು ಅನ್ನೋದು ನಂಗೆ ಈಗ್ಲೂ ಆಶ್ಚರ್ಯ.

ಸೈನ್ಸ್ ಮೇಷ್ಟ್ರು ಬಂದು ಖಾಲಿ ಬೆಂಚು ನೋಡಿ ನಕ್ಕು, ಇವತ್ತು ನಿಮ್ಮ ಹಾಜರಿ ಬೇಡ, ಗ್ರಹಗಳ ಹಾಜರಿ ತಗೊಳ್ಳೋಣ ಅಂತ ಬೋರ್ಡಿನ ಮೇಲೆ ಎಂಟು ಹೆಸರು ಬರೆದ್ರು. "ಸೂರ್ಯ? ಅವನು ನಕ್ಷತ್ರ, ಬೇರೆ ಸ್ಕೂಲಿನ ಹುಡುಗ, ತೆಗೀರಿ. ಚಂದ್ರ? ಭೂಮಿ ಮನೆ ಆಳು, ಫೀಸೇ ಕಟ್ಟಿಲ್ಲ, ತೆಗೀರಿ. ಕೇತು? ರಿಜಿಸ್ಟರಿನಲ್ಲಿ ಹೆಸರಿದೆ, ಹುಡುಗನನ್ನ ಇವತ್ತಿನವರೆಗೂ ಕಂಡೋರಿಲ್ಲ, ತೆಗೀರಿ." ಉಳಿದಿದ್ದು ಬುಧ, ಶುಕ್ರ, ಮಂಗಳ, ಗುರು, ಶನಿ. ಐದೇ. "ಐದು ಜನ ಒಂದೇ ಬೆಂಚಲ್ಲಿ ಕೂತ ಮಾತ್ರಕ್ಕೆ ಪ್ರಳಯ ಆಗೋದಾದ್ರೆ ನಮ್ಮ ತಿಪ್ಪೇಸ್ವಾಮಿಗಳಿಂದ ಎಂದೋ ಆಗ್ಬೇಕಿತ್ತಲ್ರಯ್ಯಾ" ಅಂದ್ರು. ಅವತ್ತು ಬಂದಿದ್ದ ತಿಪ್ಪೇಸ್ವಾಮಿ ನಾನೊಬ್ಬನೇ, ಐದೂ ಜನರ ಪರವಾಗಿ ನಾನೇ ತಲೆ ತಗ್ಗಿಸ್ದೆ. ಮಂಗಳವಾರ ಪ್ರಪಂಚ ಇದ್ದಲ್ಲೇ ಇತ್ತು, ಪರೀಕ್ಷೇನೂ ಇದ್ದಲ್ಲೇ ಇತ್ತು, ಡಿಎಸ್ಸಿನ ಕಂಪಾಸ್ ಪೆಟ್ಟಿಗೆ ಮಾತ್ರ ಇರಲಿಲ್ಲ. ಅದೇ ತಿಂಗಳು ಚುನಾವಣೆ ಬಂದು, ದುರ್ಗದಲ್ಲೇ ವಕೀಲಿಕೆ ಮಾಡ್ತಿದ್ದ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ನಮ್ಮಪ್ಪ "ಅಷ್ಟಗ್ರಹ ಸುಳ್ಳಾಗಲಿಲ್ಲ ನೋಡು" ಅಂದ್ರು. ಅವರು ಜೂನ್ ಹೊತ್ತಿಗೆ ಮತ್ತೆ ಮುಖ್ಯಮಂತ್ರಿ ಆದ್ರು, ಆಗ ಅಪ್ಪ ಗ್ರಹಗಳ ಸುದ್ದಿ ಎತ್ತಲಿಲ್ಲ.

ನಾಯಕನಹಟ್ಟಿ ಜಾತ್ರೆ, ಪರೀಕ್ಷೆ ಹೆಚ್ಚು ಕಮ್ಮಿ ಒಟ್ಟಿಗೇ. ಐದು ಜನರ ಮನೆಯವರೂ ನಮ್ಮ ಹೆಸರಲ್ಲಿ ಕೊಬ್ಬರಿ ಸುಟ್ಟು ಬಂದ್ರು. ರಿಸಲ್ಟ್ ಬಂದಿದ್ದು ಪೇಪರಲ್ಲಿ, ಬರೀ ರಿಜಿಸ್ಟರ್ ನಂಬರು, ಹೆಸರಿಲ್ಲ. ಬೆಂಗಳೂರಿನ ಬಸ್ಸಿಂದ ಪೇಪರ್ ಕಟ್ಟು ಇಳಿಸೋ ಮುಂಚೇನೇ ನಾವು ಮುತ್ತಿಗೆ ಹಾಕಿದ್ವಿ. ಮೂರು ವರ್ಷ ನಂಬರಲ್ಲೇ ಬದುಕಿದ್ದ ನಮಗೆ ನಂಬರ್ ಹುಡುಕೋದು ಹೊಸದಲ್ಲ. ನಮ್ಮ ಐದು ನಂಬರ್ ಸಾಲಾಗಿ ಇರ್ಬೇಕಿತ್ತು, ಮಧ್ಯದ್ದು ಇರಲಿಲ್ಲ, ಬಾಯಲ್ಲಿ ಒಂದು ಹಲ್ಲು ಬಿದ್ದ ಹಂಗೆ. ಮೂರನೇದು. ಗ್ರಾಮರ್ ಗೊತ್ತಿದ್ದ ಸಾಗರ ಲೆಕ್ಕದಲ್ಲಿ ಹೋಗಿದ್ದ. ಭಿಕ್ಷೆ ಸಾಲದಾಗಿತ್ತು. ಅವನೇನೂ ಅಳ್ಲಿಲ್ಲ, ಪೇಪರ್ ಮಡಿಚಿ ನನ್ನ ಕೈಗಿಟ್ಟು, "ನಾಳೆ ದಾವಣಗೆರೆಗೆ ಹೋಗ್ತೀನ್ಲೇ ನಾಲ್ಕೂ, ಮಾವ ಹತ್ತಿ ಮಿಲ್ಲಲ್ಲಿ ಅವ್ನೆ" ಅಂದ.

ನಾವು ನಾಲ್ಕೂ ಜನ ಪಿಯುಸಿ, ಆಮೇಲೆ ಟೈಪಿಂಗು, ಇಂಟರ್‌ವ್ಯೂ ಅಂತ ಅಲೀತಿದ್ದಾಗ ಅವನು ಆಗಲೇ ಸಂಬಳ ಎಣಿಸ್ತಿದ್ದ. ದಾವಣಗೆರೆಗೆ ಹೋದ್ರೆ ಬೆಣ್ಣೆ ದೋಸೆ ಅವನದ್ದೇ, ದುಡ್ಡು ಕೊಡೋಕೆ ಬಿಡ್ತಿರಲಿಲ್ಲ. ದೋಸೆ ಮೇಲೆ ಬೆಣ್ಣೆ ಉಂಡೆ ಕರಗೋದನ್ನ ತೋರಿಸಿ "ಇದು ಮಾಡಿದಷ್ಟು ಅಲ್ಲಪ್ಪಾ, ಬೇಡಿದಷ್ಟು, ತಿನ್ನಿ" ಅನ್ನೋನು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದಾಗ ಫೋನ್ ಮಾಡಿ, "ಇನ್ಮೇಲೆ ನಿಮ್ಮ ಜಿಲ್ಲೆ ತಿಪ್ಪೇಸ್ವಾಮಿಗಳ ಜೊತೆ ನನ್ನ ಲೆಕ್ಕ ಹಾಕ್ಬ್ಯಾಡಿ, ಇಲ್ಲಿ ನಾನೇ ಫಸ್ಟು" ಅಂದಿದ್ದ.

ಸರ್ಕಾರಿ ಕೆಲಸಕ್ಕೆ ಸೇರಿದ ಉದ್ದ, ಹಟ್ಟಿ ಮತ್ತು ನಾನು ಮೂರೂ ಜನ ರಿಟೈರ್ ಆಗಿದ್ದು ಒಂದೇ ದಿನ, 2004ರ ಮೇ 31. ಇದರಲ್ಲಿ ಪವಾಡ ಏನಿಲ್ಲ. ನಾವು ಹುಟ್ಟಿದ ದಿನ ಯಾವ ಮನೇಲೂ ಬರೆದಿಟ್ಟಿರಲಿಲ್ಲ, ಒಂದನೇ ಕ್ಲಾಸಿಗೆ ಸೇರಿಸುವಾಗ ಆಯಾ ಊರಿನ ಮೇಷ್ಟ್ರು ಹುಡುಗನ ಕೈ ತಲೆ ಮೇಲಿಂದ ಹಾಯಿಸಿ ಕಿವಿ ಮುಟ್ಟುತ್ತಾ ನೋಡಿ, ಜೂನ್ 1 ಅಂತ ಬರೆದುಕೊಂಡುಬಿಡ್ತಿದ್ರು. ಒಂದನೇ ತಾರೀಕು ಹುಟ್ಟಿದವನು ಹಿಂದಿನ ತಿಂಗಳ ಕೊನೇ ದಿನ ರಿಟೈರು ಅಂತ ರೂಲ್ಸು. ಐವತ್ತು ವರ್ಷಕ್ಕೂ ಹಿಂದೆ ಮೂರು ಬೇರೆ ಬೇರೆ ಊರಿನ ಮೇಷ್ಟ್ರುಗಳು ಮಾತಾಡ್ಕೊಳ್ಳದೇ ಮಾಡಿದ ಲೆಕ್ಕ ಅಷ್ಟು ಕರೆಕ್ಟಾಗಿ ತಾಳೆಯಾಯ್ತು. ಮೂರು ಆಫೀಸಲ್ಲಿ ಮೂರು ಹಾರ.

ಈಗ ಪಿಂಚಣಿಯವರಿಗೆ ವರ್ಷಕ್ಕೊಂದೇ ಹಾಜರಿ, ನವೆಂಬರಿನಲ್ಲಿ. ಬದುಕಿದ್ದೀನಿ ಅಂತ ಬ್ಯಾಂಕಿಗೆ ಹೋಗಿ ಲೈಫ್ ಸರ್ಟಿಫಿಕೇಟ್ ಕೊಡ್ಬೇಕು. ಹೋದ ವರ್ಷ ಬೆಂಚಿನ ಮೇಲೆ ಸಾಲಾಗಿ ಕೂತಿದ್ವಿ, ಎಲ್ಲಾ ಬಿಳೀ ತಲೆ. ಕೌಂಟರಿನ ಹುಡುಗಿ ನನ್ನ ಮೊಮ್ಮಗಳ ವಯಸ್ಸಿನವಳು, ಕಂಪ್ಯೂಟರ್ ನೋಡ್ಕೊಂಡೇ "ತಿಪ್ಪೇಸ್ವಾಮಿ" ಅಂತ ಕೂಗಿದ್ಲು. ನಾನು ಅಭ್ಯಾಸಬಲದಿಂದ ಸುಮ್ನೆ ಕೂತೆ, ಎರಡನೇ ಸಲ ಕೂಗ್ಲಿ ಅಂತ. ನನ್ನ ಪಕ್ಕ ಇಬ್ಬರು ಎದ್ದು ನಿಂತಿದ್ರು, ಒಬ್ಬರು ಪರಶುರಾಂಪುರದ ಕಡೆಯವರು, ಇನ್ನೊಬ್ಬರು ಯಾರೋ ಗೊತ್ತಿಲ್ಲ. ಆಮೇಲೆ ನಾನೂ ಎದ್ದೆ.

ಹುಡುಗಿ ತಲೆ ಎತ್ತಿ ನೋಡಿ, "ಅಯ್ಯೋ, ಮೂರು ಜನನೂ ತಿಪ್ಪೇಸ್ವಾಮೀನಾ ತಾತ? ಯಾವ ತಿಪ್ಪೇಸ್ವಾಮಿ ಅಂತ ತಿಳ್ಕೊಳ್ಳೋದು ನಾನು?" ಅಂದ್ಲು.

"ಫೋರ್ತ್" ಅಂದೆ. ಬಾಯಿಗೆ ಅದೇ ಬಂತು.

"ಇಲ್ಲಿ ಮೂರೇ ಜನ ಇರೋದು ತಾತ" ಅಂದ್ಲು. ಹೆಬ್ಬೆಟ್ಟು ಇಡಿ ಅಂತ ಮೆಷಿನ್ ಮುಂದೆ ತಳ್ಳಿದ್ಲು. ಗೆರೆ ಸವೆದು ಹೋಗಿದ್ದಕ್ಕೋ ಏನೋ ಎರಡು ಸಲ ತಗೊಳ್ಳಲಿಲ್ಲ. ಮೂರನೇ ಸಲ ಕೆಂಪು ಹೋಗಿ ಹಸಿರು ಬಂತು.